ಉಂಡ್ಯಾ ಮಗ?

ಸ್ಪ್ಯಾನಿಷ್ ಕಲಿಯೋಕೆ ಅಂತ ಸ್ಪೇನ್‌ನ ಸಾಲಮಾಂಕಾಗೆ ಬಂದು ನಾಲ್ಕು ತಿಂಗಳಾಯ್ತು. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರೋ ಊರಿದು. ಇಲ್ಲಿ ರಾತ್ರಿ ಊಟ ಒಂಬತ್ತೂವರೆಗೆ. ಚಳಿಗಾಲದಲ್ಲಿ ನಮ್ಮ ದೇಶದ ಗಡಿಯಾರ ಇಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದೆ. ಹನೂರು ತಾಲ್ಲೂಕಿನ ಬಂಡಳ್ಳಿಯಿಂದ ಅವ್ವ ಮಲಗೋ ಮುಂಚೆ ಫೋನ್ ಮಾಡಿದ್ರೆ ಇಲ್ಲಿನ್ನೂ ಸಂಜೆ ಐದು.

"ಉಂಡ್ಯಾ ಮಗ?"

"ಉಂಡೆ ಕಣವ್ವ."

ದಿನಾ ಇದೇ ಸುಳ್ಳು. ಇಲ್ಲ ಅಂದ್ರೆ ಅವಳಿಗೆ ನಿದ್ದೆ ಬರಲ್ಲ.

ಮೊನ್ನೆ ತರಗತಿಯಲ್ಲಿ ಭೂತಕಾಲದ ಪಾಠ. 'ಕೊಮಿಸ್ತೆ?' ಅಂದ್ರೆ ಉಂಡೆಯಾ ಅಂತ. "ಇದರಲ್ಲಿ ನೀನು ಅನ್ನೋ ಪದ ಎಲ್ಲಿ?" ಅಂತ ಇಂಗ್ಲೆಂಡಿನ ಹುಡುಗ ತಲೆ ಕೆರೆದುಕೊಂಡ. ನನಗೆ ಥಟ್ಟನೆ ಹೊಳೀತು. ಅವ್ವನ 'ಉಂಡ್ಯಾ'ದಲ್ಲೂ 'ನೀನು' ಇಲ್ಲ, ಪದದ ಕೊನೆಯಲ್ಲೇ ಅಡಗಿದೆ. ಅವರ 'ಕೊಮಿ' ನಮ್ಮ 'ಉಂಡೆ', ಅದರೊಳಗೆ 'ನಾನು'. ಟೀಚರ್ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಸಿದ್ರು. 'ಉಂಡೆ' ಅಂತ ಬರೆಯೋವಾಗ ಮನಸ್ಸು ಚುಚ್ಚಿತು.

ಆ ಸಂಜೆ ನಿಜ ಹೇಳ್ದೆ. "ಇಲ್ಲ ಕಣವ್ವ, ಇಲ್ಲಿ ಊಟಕ್ಕೆ ಇನ್ನೂ ನಾಲ್ಕೂವರೆ ಗಂಟೆ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಉಂಡ್ಮೇಲೆ ಫೋನ್ ಮಾಡು, ಎದ್ದಿರ್ತೀನಿ."

ಆಗ ಬಂಡಳ್ಳಿಯಲ್ಲಿ ರಾತ್ರಿ ಎರಡು ಗಂಟೆ! ಈಗ ಅವ್ವನ ಫೋನ್ ಬರೋ ಮುಂಚೆ ನಾಲ್ಕು ತುತ್ತು ಅನ್ನ ಉಂಡೇ ಕೂತಿರ್ತೀನಿ.