ಕಾಲು ಸೋತ ರೋಗಿ, ಕಲಬುರಗಿಯ ದಾರಿ ಮತ್ತು ಮೊದಲ ದಿನದ ಅಂಕ

2025ರ ಜನವರಿಯಲ್ಲಿ ಪುಣೆಯಲ್ಲಿ ಗಿಲನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಹಠಾತ್ತನೆ ಉಲ್ಬಣಿಸಿತು. ಮುಂದಿನ ವಾರಗಳಲ್ಲಿ ರೋಗಿಗಳ ಸಂಖ್ಯೆ 200 ದಾಟಿ, ಕಲುಷಿತ ನೀರಿನತ್ತ ಎಲ್ಲರ ಗಮನ ಹರಿಯಿತು. ಆದರೆ ಈ ಕಾಯಿಲೆಗೆ ದೊಡ್ಡ ನಗರವೇ ಆಗಬೇಕೆಂದಿಲ್ಲ. ಭೇದಿಯೋ ಜ್ವರವೋ ವಾಸಿಯಾದ ಕೆಲ ವಾರಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ನರಗಳ ಮೇಲೆಯೇ ತಿರುಗಿಬಿದ್ದರೆ, ಅದು ಯಾವ ಊರಿನಲ್ಲಾದರೂ ಕಾಣಿಸಿಕೊಂಡೀತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವೈದ್ಯರಿಗೆ ಎದುರಾಗುವ ಪ್ರಶ್ನೆ ಬೇರೆ: ಕಾಲು ಸೋತಿದೆಯೆಂದು ಬಂದವರನ್ನು ಕಲಬುರಗಿಗೆ ಕಳಿಸುವುದು ಯಾವಾಗ?

ಜಿಬಿಎಸ್ ರೋಗಿಗಳಲ್ಲಿ ಶೇ 20ರಿಂದ 30ರಷ್ಟು ಮಂದಿಗೆ ಕೃತಕ ಉಸಿರಾಟ ಬೇಕಾಗುತ್ತದೆ. ಚಿಂಚೋಳಿಯಿಂದ ಹೊರಟ ವಾಹನದಲ್ಲಿ ನಡುದಾರಿಯಲ್ಲೇ ಉಸಿರು ಕುಗ್ಗಿದರೆ ಗತಿಯೇನು? ದೊಡ್ಡ ಪರೀಕ್ಷೆಗಳ ವರದಿ ಬರಲಿ ಎಂದು ಕಾಯುವುದರಲ್ಲೂ ಅರ್ಥವಿಲ್ಲ. ನರವಾಹಕತೆಯ ಪರೀಕ್ಷೆಯಾಗಲೀ ಬೆನ್ನುಹುರಿ ದ್ರವದ ಪರೀಕ್ಷೆಯಾಗಲೀ ಮೊದಲ ವಾರದಲ್ಲಿ ಸಹಜ ಫಲಿತಾಂಶವನ್ನೇ ತೋರಿಸಬಹುದು.

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ತಜ್ಞರು 2010ರಲ್ಲಿ ಪ್ರಕಟಿಸಿದ 'ಇಗ್ರಿಸ್' ಅಂಕಪಟ್ಟಿ ಯಂತ್ರವನ್ನು ಬೇಡುವುದಿಲ್ಲ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ ಇವುಗಳ ಬಲವನ್ನು ಎರಡೂ ಬದಿಯಲ್ಲಿ ಕೈಯಿಂದಲೇ ಪರೀಕ್ಷಿಸಿ, ಪ್ರತಿಯೊಂದಕ್ಕೂ ಸೊನ್ನೆಯಿಂದ 5ರವರೆಗೆ ಅಂಕ ಕೊಡಬೇಕು, ಒಟ್ಟು 60. ಇದರೊಂದಿಗೆ ನೋಡಬೇಕಾದದ್ದು ಎರಡೇ: ದೌರ್ಬಲ್ಯ ಆರಂಭವಾಗಿ ಎಷ್ಟು ದಿನವಾಯಿತು, ಮುಖ ಅಥವಾ ಗಂಟಲಿನ ಸ್ನಾಯುಗಳು ಸೋತಿವೆಯೇ? ಮೂರು ದಿನದೊಳಗೆ ಬಂದವರಿಗೆ 2, ನುಂಗಲು ಕಷ್ಟವಾಗುತ್ತಿದ್ದರೆ 1, ಬಲದ ಮೊತ್ತ 38 ಇದ್ದರೆ 2, ಒಟ್ಟು 5. ಗರಿಷ್ಠ 7ರ ಈ ಪಟ್ಟಿಯಲ್ಲಿ 5 ಅಥವಾ ಹೆಚ್ಚು ಪಡೆದವರಲ್ಲಿ ಶೇ 65ರಷ್ಟು ಮಂದಿಗೆ ಮೊದಲ ವಾರದಲ್ಲೇ ವೆಂಟಿಲೇಟರ್ ಬೇಕಾಗಿತ್ತು. 2ರವರೆಗಿನವರಲ್ಲಿ ಈ ಪ್ರಮಾಣ ಶೇ 4 ಮಾತ್ರ.

ಆರು ತಿಂಗಳ ನಂತರ ನಡೆಯಬಲ್ಲರೇ ಎಂಬುದನ್ನು ಅಂದಾಜಿಸಲು ಇನ್ನೊಂದು ಪಟ್ಟಿಯಿದೆ. ವಯಸ್ಸು, ಮೊದಲು ಭೇದಿಯಾಗಿತ್ತೇ ಎಂಬುದು ಮತ್ತು ಅದೇ ಬಲದ ಮೊತ್ತ ಅದಕ್ಕೆ ಸಾಕು. ಏಳನೆಯ ದಿನ ಮತ್ತೆ ಅಳೆದರೆ ಅಂದಾಜು ಇನ್ನಷ್ಟು ನಿಖರ. ಡಚ್ ರೋಗಿಗಳ ಮೇಲೆ ರೂಪಿಸಿದ ಲೆಕ್ಕ ಇದೆಂಬುದನ್ನು ಮರೆಯಬಾರದು, ನಿಜ. ಅಲ್ಲದೆ ಕೆಟ್ಟ ಅಂಕ ಬಂತೆಂದು ಇಮ್ಯುನೊಗ್ಲಾಬ್ಯುಲಿನ್‌ನ ಎರಡನೇ ಸುತ್ತು ಕೊಟ್ಟರೂ ಹೆಚ್ಚಿನ ಲಾಭವಿಲ್ಲವೆಂದು 2021ರ ಅಧ್ಯಯನ ತೋರಿಸಿದೆ. ಮನೆಮಂದಿ ದುಬಾರಿ ಔಷಧಕ್ಕಾಗಿ ಹೊಲ ಮಾರುವ ಮುನ್ನ ಈ ಮಾತು ಅವರ ಕಿವಿಗೆ ಬೀಳಬೇಕು.

ಅಂಕದ ನಿಜವಾದ ಉಪಯೋಗವಿರುವುದು ದಾರಿಯ ವಿಷಯದಲ್ಲಿ. ತಾಲ್ಲೂಕು ಆಸ್ಪತ್ರೆಯ ಶಿಫಾರಸು ಚೀಟಿಯಲ್ಲಿ 'ಕಾಲು ದೌರ್ಬಲ್ಯ' ಎಂದಷ್ಟೇ ಬರೆಯುವ ಬದಲು ಈ ಮೂರು ವಿವರಗಳಿದ್ದರೆ, ಉಸಿರಾಟದ ನೆರವಿರುವ ಆಂಬುಲೆನ್ಸ್ ಬೇಕೇ, ಕಲಬುರಗಿಯಲ್ಲಿ ತೀವ್ರ ನಿಗಾ ಘಟಕದ ಹಾಸಿಗೆ ಕಾದಿರಿಸಬೇಕೇ ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗುತ್ತದೆ.