ಕೊನೆಯ ಉಪಾಯವೆಂಬ ಸುಳ್ಳು

ಸಾಕುಬೆಕ್ಕಿನ ಉಗುರು ತೆಗೆಸುವ ಶಸ್ತ್ರಚಿಕಿತ್ಸೆಯನ್ನು ಕಾನೂನು ತಡೆಯಬಾರದು, ಅದನ್ನು ವೈದ್ಯರ ವಿವೇಚನೆಗೆ ಬಿಡಬೇಕು, ಏಕೆಂದರೆ ಬೆಕ್ಕು ಮನೆ ಕಳೆದುಕೊಳ್ಳುವುದನ್ನು ತಪ್ಪಿಸುವ ಕೊನೆಯ ಉಪಾಯ ಅದೊಂದೇ ಎಂಬ ವಾದ ಮತ್ತೆ ಮತ್ತೆ ತಲೆಯೆತ್ತುತ್ತದೆ. ಅಮೆರಿಕದ ಯಾವುದಾದರೊಂದು ರಾಜ್ಯ ಈ ಪದ್ಧತಿಯನ್ನು ನಿಲ್ಲಿಸಲು ಹೊರಟಾಗಲೆಲ್ಲ ಇದೇ ವಾದ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳಿಬರುತ್ತದೆ. 2019ರಲ್ಲಿ ನ್ಯೂಯಾರ್ಕ್, 2022ರಲ್ಲಿ ಮೇರಿಲ್ಯಾಂಡ್, 2024ರಲ್ಲಿ ವರ್ಜೀನಿಯಾ, 2025ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ಕ್ಯಾಲಿಫೋರ್ನಿಯಾ ಈ ವಾದಕ್ಕೆ ಕಿವಿಗೊಡದೆ ನಿಷೇಧದ ಕಾನೂನು ಮಾಡಿವೆ; ಉಳಿದ ಬಹುಪಾಲು ರಾಜ್ಯಗಳಲ್ಲಿ ಹಣ ಕೊಟ್ಟರೆ ಬೆಕ್ಕಿನ ಉಗುರು ಇಂದಿಗೂ ಹೋಗುತ್ತದೆ. ವಾದ ಹಳೆಯದಾಗಿರುವುದು ತಪ್ಪಲ್ಲ, ಅದು ಸುಳ್ಳಾಗಿರುವುದು ತಪ್ಪು.

ಮನುಷ್ಯನ ಉಗುರು ಬೆರಳಿನ ಚರ್ಮದ ಮಡಿಕೆಯಿಂದ ಬೆಳೆಯುತ್ತದೆ; ಬೆಕ್ಕಿನ ಉಗುರಾದರೋ ಬೆರಳಿನ ತುದಿಮೂಳೆಗೆ ಬೆಸೆದುಕೊಂಡು, ಆ ಮೂಳೆಯ ಬುಡದಲ್ಲಿರುವ ಜೀವಕೋಶಗಳಿಂದಲೇ ಹುಟ್ಟುತ್ತದೆ. ಹೀಗಾಗಿ ಉಗುರು ಮತ್ತೆ ಚಿಗುರದಂತೆ ಮಾಡಬೇಕಾದರೆ ತುದಿಮೂಳೆಯನ್ನೇ ಕೀಲಿನಿಂದ ಬೇರ್ಪಡಿಸಬೇಕಾಗುತ್ತದೆ. ವೈದ್ಯಶಾಸ್ತ್ರ ಆನಿಕೆಕ್ಟಮಿ ಎಂದು ಹೆಸರಿಸಿರುವ ಈ ಕ್ರಮದಲ್ಲಿ ಮುಂಗಾಲುಗಳೆರಡರಿಂದ ಒಟ್ಟು ಹತ್ತು ಮೂಳೆಗಳನ್ನು, ಅವುಗಳನ್ನು ಹಿಡಿದಿಟ್ಟ ಸ್ನಾಯುರಜ್ಜು, ನರ ಮತ್ತು ರಕ್ತನಾಳಗಳ ಸಮೇತ ಕತ್ತರಿಸಲಾಗುತ್ತದೆ. ಕೆಲವರು ಹಿಂಗಾಲುಗಳ ಎಂಟನ್ನೂ ಬಿಡುವುದಿಲ್ಲ. ಕತ್ತರಿಯಂಥ ಉಪಕರಣ, ಶಸ್ತ್ರಚಿಕಿತ್ಸೆಯ ಚೂರಿ, ಲೇಸರ್ ಕಿರಣ ಎಂದು ವಿಧಾನಗಳು ಮೂರಿದ್ದರೂ, ಲೇಸರ್ ಬಳಸಿದರೆ ರಕ್ತಸ್ರಾವ ಕಡಿಮೆಯೆಂಬ ಜಾಹೀರಾತಿನ ಮಾತು ಎಷ್ಟೇ ನಿಜವಾಗಿದ್ದರೂ, ಹೋಗುವುದು ಮೂಳೆಯೇ. ಮೂಳೆಯನ್ನು ಉಳಿಸಿ, ಉಗುರನ್ನು ಹೊರಚಾಚುವ ಸ್ನಾಯುರಜ್ಜನ್ನಷ್ಟೇ ಕತ್ತರಿಸುವ ಟೆಂಡನೆಕ್ಟಮಿ ಎಂಬ ಇನ್ನೊಂದು ವಿಧಾನವೂ ಉಂಟು. ಅದರ ಬಳಿಕ ಬೆಕ್ಕಿಗೆ ಉಗುರನ್ನು ಮಸೆಯುವ ಶಕ್ತಿ ಉಳಿಯದೆ, ಅದು ದಪ್ಪಗೆ ಬೆಳೆದು ಬಾಗಿ ಪಾದದ ಮೆತ್ತೆಗೇ ಚುಚ್ಚಿಕೊಳ್ಳುವ ಕಾರಣ, ಮನೆಯವರು ಜೀವನಪರ್ಯಂತ ಉಗುರು ಕತ್ತರಿಸುತ್ತಲೇ ಇರಬೇಕಾಗುತ್ತದೆ. ಆ ಕೆಲಸವನ್ನು ಮೊದಲೇ ಮಾಡಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಿರಲಿಲ್ಲ.

ಬೆಕ್ಕು ಅಂಗಾಲನ್ನು ಊರದೆ ಬೆರಳುಗಳ ಮೇಲೆ ನಡೆಯುವ ಪ್ರಾಣಿಯಾದುದರಿಂದ, ಬೆರಳಿನ ತುದಿ ಹೋದರೆ ದೇಹದ ಭಾರ ಬೀಳುವ ಜಾಗವೇ ಬದಲಾಗುತ್ತದೆ; ಅದರ ಪರಿಣಾಮ ಪಾದದಲ್ಲಿ ನಿಲ್ಲದೆ ಮೇಲಿನ ಕೀಲುಗಳಿಗೂ ಬೆನ್ನಿಗೂ ಹರಡುತ್ತದೆ. 2018ರಲ್ಲಿ ಜರ್ನಲ್ ಆಫ್ ಫೆಲೈನ್ ಮೆಡಿಸಿನ್ ಅಂಡ್ ಸರ್ಜರಿ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಉಗುರು ತೆಗೆಸಿದ 137 ಬೆಕ್ಕುಗಳನ್ನು ಉಗುರಿರುವ ಅಷ್ಟೇ ಬೆಕ್ಕುಗಳೊಂದಿಗೆ ಹೋಲಿಸಿ ನೋಡಿತು. ಬೆನ್ನುನೋವು, ಕಚ್ಚುವ ಸ್ವಭಾವ, ಕೂದಲು ಕಿತ್ತುಹೋಗುವಷ್ಟು ಮೈ ನೆಕ್ಕಿಕೊಳ್ಳುವುದು, ಮಲಮೂತ್ರಕ್ಕೆಂದು ಇಟ್ಟ ಮರಳಿನ ತಟ್ಟೆಯನ್ನು ಬಿಟ್ಟು ಮನೆಯ ಬೇರೆಡೆ ವಿಸರ್ಜಿಸುವುದು, ಇವೆಲ್ಲವೂ ಉಗುರಿಲ್ಲದ ಗುಂಪಿನಲ್ಲಿ ಹೆಚ್ಚಾಗಿ ಕಂಡುಬಂದವು. ಎಕ್ಸ್‌ರೇ ತೆಗೆದಾಗ ಆ ಗುಂಪಿನ ಶೇ 63ರಷ್ಟು ಬೆಕ್ಕುಗಳ ಪಾದಗಳಲ್ಲಿ ಕತ್ತರಿಸುವಾಗ ಒಳಗೇ ಉಳಿದುಹೋದ ಮೂಳೆಯ ಚೂರುಗಳಿದ್ದವು. ಚೂರು ಉಳಿದ ಪಾದದಿಂದ ಮರಳಿನ ಕಾಳುಗಳನ್ನು ಕೆದಕುವಾಗ ನೋಯುವುದಾದರೆ ಬೆಕ್ಕು ಮರಳನ್ನು ಬಿಟ್ಟು ಮೆತ್ತನೆಯ ಹಾಸಿಗೆಯನ್ನೋ ನೆಲಹಾಸನ್ನೋ ಹುಡುಕುತ್ತದೆ, ಮತ್ತು ಎದುರಾಳಿಯನ್ನು ದೂರವಿಡಲು ಉಗುರಿಲ್ಲದಿದ್ದರೆ ನೇರವಾಗಿ ಹಲ್ಲಿಗೆ ಕೆಲಸ ಕೊಡುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರಿಗೆ ನೆಗಡಿಯಾದರೂ ಹೋಗುತ್ತದೆ. ಇಲ್ಲಿ ಸೋಫಾದ ಬಟ್ಟೆ ಉಳಿಸಲು ಹೊರಟವರಿಗೆ ಹಾಸಿಗೆಯೂ ಉಳಿಯುವುದಿಲ್ಲ.

ಕೊನೆಯ ಉಪಾಯವೆಂಬ ಮಾತಿನ ಸುಳ್ಳು ಬಯಲಾಗುವುದು ಈ ಶಸ್ತ್ರಚಿಕಿತ್ಸೆ ನಡೆಯುವ ವಯಸ್ಸನ್ನು ನೋಡಿದಾಗ. ಉಳಿದೆಲ್ಲ ದಾರಿಗಳೂ ಮುಚ್ಚಿದ ಮೇಲೆ ಕೈಗೊಳ್ಳುವ ಕ್ರಮ ಇದಾಗಿದ್ದರೆ, ಅದಕ್ಕೊಳಗಾಗುವ ಬೆಕ್ಕುಗಳು ವರ್ಷಗಟ್ಟಲೆ ತಿದ್ದಿದರೂ ತಿದ್ದಲಾಗದ ವಯಸ್ಕ ಬೆಕ್ಕುಗಳಾಗಿರಬೇಕಿತ್ತು. ಆದರೆ ಅಮೆರಿಕದಲ್ಲಿ ಬೆಳೆದುಬಂದಿರುವ ರೂಢಿಯಲ್ಲಿ ಕೆಲವೇ ತಿಂಗಳ ಮರಿಯನ್ನು ಸಂತಾನಹರಣ ಚಿಕಿತ್ಸೆಗೆ ಒಯ್ದಾಗ, ಹೇಗೂ ಅರಿವಳಿಕೆ ಕೊಡುತ್ತಾರಲ್ಲ ಎಂಬ ಅನುಕೂಲ ನೋಡಿ, ಎರಡನ್ನೂ ಒಂದೇ ದರದಲ್ಲಿ ಸೇರಿಸಿ ಉಗುರನ್ನೂ ತೆಗೆದುಬಿಡುವುದು ದಶಕಗಳ ಕಾಲ ಸಾಮಾನ್ಯವಾಗಿತ್ತು. ಸೋಫಾವನ್ನು ಇನ್ನೂ ಮುಟ್ಟಿಯೇ ಇರದ ಮರಿ ಮುಂದೊಂದು ದಿನ ಮುಟ್ಟೀತೆಂಬ ಶಂಕೆಗೆ ಹತ್ತು ಮೂಳೆಗಳನ್ನು ತೆರುವ ವ್ಯವಸ್ಥೆಯನ್ನು ಕೊನೆಯ ಉಪಾಯವೆಂದು ಕರೆಯುವವರು, ಅದಕ್ಕೆ ಮುಂಚಿನ ಉಪಾಯಗಳು ಯಾವುವೆಂದು ಯಾರಿಗೂ ಹೇಳಲಿಲ್ಲ.

ನಿಷೇಧ ಬಂದರೆ ಜನ ಬೆಕ್ಕುಗಳನ್ನು ಪ್ರಾಣಿ ಆಶ್ರಯಧಾಮಗಳಿಗೆ ತಂದು ಸುರಿಯುತ್ತಾರೆ ಎಂಬ ಬೆದರಿಕೆಯೂ ನಿಲ್ಲುವಂಥದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2018ರಲ್ಲಿ ನಿಷೇಧ ತಂದ ಬಳಿಕ ಅಲ್ಲಿನ ಆಶ್ರಯಧಾಮಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ವಸ್ತುಗಳನ್ನು ಹಾಳುಮಾಡುತ್ತದೆಂಬ ಕಾರಣಕ್ಕೆ ಬಿಟ್ಟುಹೋದ ಬೆಕ್ಕುಗಳ ಪ್ರಮಾಣ ಏರಿದ್ದು ಕಾಣಲಿಲ್ಲ. ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ರೂಪುಗೊಂಡ ಯುರೋಪಿನ ಒಡಂಬಡಿಕೆ, ಬಾಲ ಕತ್ತರಿಸುವುದು, ಕಿವಿ ಕತ್ತರಿಸುವುದು, ಧ್ವನಿ ಕಸಿಯುವುದು ಇವುಗಳ ಸಾಲಿನಲ್ಲೇ ಉಗುರು ತೆಗೆಯುವುದನ್ನೂ ನಿಷಿದ್ಧವೆಂದು ಹೆಸರಿಸಿದೆ. ಬ್ರಿಟನ್ನಿನಲ್ಲಿ 2006ರ ಪ್ರಾಣಿಕ್ಷೇಮ ಕಾಯಿದೆ ಇದನ್ನು ಅಂಗಭಂಗವೆಂದೇ ಪರಿಗಣಿಸುತ್ತದೆ. ಇಸ್ರೇಲ್ 2011ರಲ್ಲಿ ಇದನ್ನು ಅಪರಾಧವಾಗಿಸಿತು. ಆ ದೇಶಗಳ ಮನೆಗಳಲ್ಲೂ ಸೋಫಾಗಳಿವೆ, ಪರದೆಗಳಿವೆ, ಸಣ್ಣ ಮಕ್ಕಳಿದ್ದಾರೆ, ಮತ್ತು ಬೆಕ್ಕುಗಳು ಉಗುರುಗಳೊಂದಿಗೇ ಬದುಕುತ್ತಿವೆ.

ರೋಗನಿರೋಧಕ ಶಕ್ತಿ ಕುಂದಿದವರಿಗೆ ಬೆಕ್ಕಿನ ಪರಚುಗಾಯ ಅಪಾಯಕಾರಿ ಎಂಬ ಆಕ್ಷೇಪಕ್ಕೆ ಮಾತ್ರ ಗಂಭೀರವಾದ ಉತ್ತರ ಸಲ್ಲಬೇಕು, ಏಕೆಂದರೆ ಅಲ್ಲಿ ಸೋಫಾದ ಪ್ರಶ್ನೆಯಿಲ್ಲ, ರೋಗಿಯ ಭಯವಿದೆ. ಪರಚಿನಿಂದ ಬರುವ ಜ್ವರಕ್ಕೆ ಕಾರಣವಾದ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟಗಳ ಮೂಲಕವಾದುದರಿಂದ, ಚಿಗಟಗಳನ್ನು ನಿಯಂತ್ರಿಸಿ, ಬೆಕ್ಕಿನೊಂದಿಗೆ ಒರಟಾಟ ಬಿಟ್ಟು, ಗಾಯವಾದರೆ ತಕ್ಷಣ ಸೋಪಿನಿಂದ ತೊಳೆಯುವುದೇ ಸರಿಯಾದ ಕ್ರಮ. ಎಚ್‌ಐವಿ ಸೋಂಕಿತರಿಗಾಗಿ ಅಮೆರಿಕದ ತಜ್ಞರು ರೂಪಿಸಿದ ಮಾರ್ಗಸೂಚಿಗಳೂ ಉಗುರು ತೆಗೆಸಿ ಎಂದು ಸಲಹೆ ಕೊಡುವುದಿಲ್ಲ. ಪರಚಲಾಗದ ಬೆಕ್ಕು ಕಚ್ಚಲು ಕಲಿತರೆ ರೋಗಿಯ ಅಪಾಯ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ, ಏಕೆಂದರೆ ಸೂಜಿಯಂಥ ಹಲ್ಲು ಆಳಕ್ಕಿಳಿಸಿದ ಗಾಯ ಪರಚುಗಾಯಕ್ಕಿಂತ ಬೇಗ ಕೀವಾಗುತ್ತದೆ.

ಇಷ್ಟಾದರೂ ಪಶುವೈದ್ಯರ ವೃತ್ತಿಸಂಘಗಳು ನಿಷೇಧಕ್ಕೆ ಹಿಂಜರಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಕ್ಯಾಲಿಫೋರ್ನಿಯಾದ ಚರಿತ್ರೆಯಲ್ಲಿದೆ. ಲಾಸ್ ಏಂಜಲೀಸಿಗೆ ಅಂಟಿಕೊಂಡಿರುವ ವೆಸ್ಟ್ ಹಾಲಿವುಡ್ ಎಂಬ ಪುಟ್ಟ ನಗರ 2003ರಲ್ಲಿ ಅಮೆರಿಕದಲ್ಲೇ ಮೊದಲ ಬಾರಿಗೆ ಈ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿದಾಗ, ರಾಜ್ಯದ ಪಶುವೈದ್ಯರ ಸಂಘ ಆ ನಗರದ ಮೇಲೆ ದಾವೆ ಹೂಡಿತು. ರಾಜ್ಯ ಪರವಾನಗಿ ಕೊಟ್ಟ ವೃತ್ತಿಯಲ್ಲಿ ನಗರಾಡಳಿತ ಕೈಹಾಕುವಂತಿಲ್ಲ ಎಂಬುದು ಸಂಘದ ವಾದವಾಗಿತ್ತೇ ಹೊರತು, ಬೆಕ್ಕಿನ ಹಿತ ದಾವೆಯ ತಿರುಳಾಗಿರಲಿಲ್ಲ. ಕೆಳ ನ್ಯಾಯಾಲಯದಲ್ಲಿ ಸೋತ ನಗರ 2007ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಆಗ ಶಾಸನಸಭೆ ಬೇರೆ ದಾರಿ ಹಿಡಿದು, 2010ರ ಆರಂಭದಿಂದ ಯಾವ ನಗರವೂ ಇಂಥ ನಿಷೇಧ ತರಬಾರದೆಂದು ಕಾನೂನು ಮಾಡಿತು; ಆ ಗಡುವಿಗೆ ಮುನ್ನ, 2009ರ ಕೊನೆಯ ತಿಂಗಳುಗಳಲ್ಲಿ, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಬರ್ಕ್ಲಿ, ಸಾಂತಾ ಮೋನಿಕಾ ಮೊದಲಾದ ಏಳು ನಗರಗಳು ತರಾತುರಿಯಲ್ಲಿ ತಮ್ಮ ತಮ್ಮ ನಿಷೇಧಗಳನ್ನು ಜಾರಿಗೊಳಿಸಿಕೊಂಡವು.

ಇದೇ ಕ್ಯಾಲಿಫೋರ್ನಿಯಾ ಹುಲಿ, ಸಿಂಹ, ಚಿರತೆಗಳ ಉಗುರು ತೆಗೆಯುವುದನ್ನು 2004ರಲ್ಲೇ ಕಾನೂನಿನ ಮೂಲಕ ತಡೆದಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರದರ್ಶನಕ್ಕೆಂದು ಸಾಕಿದ ದೊಡ್ಡ ಬೆಕ್ಕುಗಳು ಈ ಶಸ್ತ್ರಚಿಕಿತ್ಸೆಯ ಬಳಿಕ ಕುಂಟುತ್ತ, ಮೊಣಕಾಲೂರಿ ತೆವಳುವುದನ್ನು ಪಶುವೈದ್ಯೆ ಜೆನಿಫರ್ ಕಾನ್ರಾಡ್ ಅವರಂಥವರು ಜನರ ಕಣ್ಣಿಗೆ ತಂದ ಮೇಲೆ, ಒಕ್ಕೂಟ ಸರ್ಕಾರದ ಕೃಷಿ ಇಲಾಖೆಯೂ 2006ರಲ್ಲಿ ಪರವಾನಗಿ ಪಡೆದ ಪ್ರದರ್ಶಕರು ಕಾಡಿನ ಮಾಂಸಾಹಾರಿಗಳ ಉಗುರು ತೆಗೆಸಕೂಡದೆಂದು ಹೇಳಿತು. ಮನುಷ್ಯನನ್ನು ಕೊಲ್ಲಬಲ್ಲ ಹುಲಿಯ ಉಗುರಿಗೆ ಸಿಕ್ಕ ರಕ್ಷಣೆ, ಮನುಷ್ಯನ ಮಡಿಲಲ್ಲಿ ಮಲಗುವ ಬೆಕ್ಕಿನ ಉಗುರಿಗೆ ಅದೇ ರಾಜ್ಯದಲ್ಲಿ ಸಿಗಲು ಇಪ್ಪತ್ತು ವರ್ಷಗಳ ಮೇಲೆ ಬೇಕಾದದ್ದಕ್ಕೆ ಶರೀರಶಾಸ್ತ್ರದಲ್ಲಿ ಕಾರಣ ಹುಡುಕಿದರೆ ಸಿಗುವುದಿಲ್ಲ. ಹುಲಿಯ ಉಗುರು ತೆಗೆಸಲು ಸಾಲುಗಟ್ಟಿ ನಿಲ್ಲುವ ಗಿರಾಕಿಗಳಿರಲಿಲ್ಲ, ಬೆಕ್ಕಿನದಕ್ಕೆ ಇದ್ದರು. ಅಮೆರಿಕದ ಪಶುವೈದ್ಯಕೀಯ ಸಂಘ 2020ರಲ್ಲಿ ತನ್ನ ನೀತಿಯನ್ನು ಪರಿಷ್ಕರಿಸಿ ಈ ಶಸ್ತ್ರಚಿಕಿತ್ಸೆಯನ್ನು ಪ್ರೋತ್ಸಾಹಿಸುವುದಿಲ್ಲ ಎಂದಿತಾದರೂ, ಅಂತಿಮ ತೀರ್ಮಾನವನ್ನು ವೈದ್ಯರ ವೃತ್ತಿವಿವೇಚನೆಗೇ ಬಿಟ್ಟಿತು. ಬೆಕ್ಕುಗಳ ಚಿಕಿತ್ಸೆಯನ್ನೇ ವೃತ್ತಿಯಾಗಿಸಿಕೊಂಡ ವೈದ್ಯರ ಸಂಘ 2017ರಲ್ಲೇ ಬಲವಾಗಿ ವಿರೋಧಿಸಿದ್ದ ಸಂಗತಿಯಲ್ಲಿ ವಿವೇಚನೆಗೆ ಇನ್ನೇನು ಉಳಿದಿದೆ ಎಂಬುದನ್ನು ಆ ದೊಡ್ಡ ಸಂಘ ವಿವರಿಸಬೇಕು.

ಮನೆ ಮಾಲೀಕರ ಪಾತ್ರವೂ ಇಲ್ಲಿ ಸಣ್ಣದಲ್ಲ. ಉಗುರು ತೆಗೆಸಿದ ಬೆಕ್ಕಿಗಷ್ಟೇ ಪ್ರವೇಶ ಎಂಬ ಷರತ್ತನ್ನು ಬಾಡಿಗೆ ಕರಾರಿನಲ್ಲಿ ಸೇರಿಸುವ ಚಾಳಿ ಎಷ್ಟು ಬೆಳೆದಿತ್ತೆಂದರೆ, ಅದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾ 2012ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ನೆಲಹಾಸು ಹರಿದರೆ ಮುಂಗಡ ಹಣದಲ್ಲಿ ಮುರಿದುಕೊಳ್ಳುವ ಹಕ್ಕು ಮಾಲೀಕನಿಗೆ ಇದ್ದೇ ಇದೆ. ಹರಿಯುವ ಮೊದಲೇ ಪ್ರಾಣಿಯ ಮೂಳೆಯನ್ನು ಮುಂಗಡವಾಗಿ ಕೇಳುವ ಹಕ್ಕು ಯಾವ ಕರಾರಿನಿಂದಲೂ ಹುಟ್ಟುವುದಿಲ್ಲ.

ಪರ್ಯಾಯಗಳು ಕಷ್ಟದವಲ್ಲ, ದುಬಾರಿಯವೂ ಅಲ್ಲ. ಬೆಕ್ಕು ಕೆರೆಯುವುದು ಹಟದಿಂದಲ್ಲ. ಉಗುರಿನ ಸವೆದ ಹೊರಪೊರೆಯನ್ನು ಕಳಚಲು, ಬೆನ್ನು ಭುಜಗಳನ್ನು ಸೆಟೆಸಿ ಮೈಮುರಿಯಲು, ಬೆರಳುಗಳ ನಡುವಿನ ಗ್ರಂಥಿಗಳ ವಾಸನೆಯನ್ನು ಬಿಟ್ಟು ತನ್ನ ಎಲ್ಲೆಯನ್ನು ಗುರುತಿಸಲು ಅದು ಕೆರೆಯುತ್ತದೆ. ಆದ್ದರಿಂದ ಕೆರೆಯುವುದನ್ನು ನಿಲ್ಲಿಸುವ ಬದಲು ಕೆರೆಯುವ ಜಾಗವನ್ನು ಬದಲಿಸುವುದೇ ಜಾಣತನ. ಇದಕ್ಕೆ ಬೇಕಾದ ಕಂಬ ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚಿಕೊಳ್ಳುವಷ್ಟು, ಅಂದರೆ ಸುಮಾರು ಮೂರು ಅಡಿ, ಎತ್ತರವಿರಬೇಕು. ಮೈಭಾರ ಹಾಕಿ ಎಳೆದರೂ ಅಲುಗದಂತೆ ಅಗಲವಾದ ಬುಡವಿರಬೇಕು, ಏಕೆಂದರೆ ಒಮ್ಮೆ ವಾಲಿದ ಕಂಬದ ಬಳಿಗೆ ಬೆಕ್ಕು ಮತ್ತೆ ಸುಳಿಯುವುದು ಕಡಿಮೆ. ಅದನ್ನು ಯಾರೂ ಓಡಾಡದ ಮೂಲೆಗೆ ತಳ್ಳದೆ, ಬೆಕ್ಕು ಈಗಾಗಲೇ ಹರಿಯುತ್ತಿರುವ ಸೋಫಾದ ಪಕ್ಕದಲ್ಲಿ ಅಥವಾ ಅದು ಮಲಗುವ ಜಾಗದ ಹತ್ತಿರ ಇಡಬೇಕು, ಏಕೆಂದರೆ ನಿದ್ದೆಯಿಂದ ಎದ್ದೊಡನೆ ಮೈಮುರಿದು ಕೆರೆಯುವುದು ಬೆಕ್ಕಿನ ದಿನಚರಿ. ಸೋಫಾದ ಅಂಚಿಗೆ ಎರಡೂ ಬದಿ ಅಂಟುವ ಟೇಪನ್ನು ಕೆಲ ವಾರ ಹಚ್ಚಿ, ಕಂಬವನ್ನು ಬಳಸಿದಾಗಲೆಲ್ಲ ತಿನ್ನಲು ಒಂದು ತುಣುಕು ಕೊಟ್ಟರೆ ಅಭ್ಯಾಸ ಊರುತ್ತದೆ. ನೀರೆರಚುವುದರಿಂದಲೂ ಗದರುವುದರಿಂದಲೂ ಬೆಕ್ಕು ಕಲಿಯುವುದು ಮನುಷ್ಯ ಎದುರಿಗಿರುವಾಗ ಕೆರೆಯಬಾರದು ಎಂಬುದನ್ನಷ್ಟೇ.

ಉಗುರು ಕತ್ತರಿಸುವುದು ಇನ್ನೊಂದು ಸರಳ ದಾರಿ. ಬೆಕ್ಕು ತೂಕಡಿಸುವ ಹೊತ್ತಿನಲ್ಲಿ ಪಾದವನ್ನು ಕೈಗೆ ತೆಗೆದುಕೊಂಡು ಬೆರಳನ್ನು ಮೇಲೂ ಕೆಳಗೂ ಮೆಲ್ಲಗೆ ಒತ್ತಿದರೆ ಒರೆಯೊಳಗಿದ್ದ ಉಗುರು ಹೊರಬರುತ್ತದೆ. ಬೆಳಕಿಗೆ ಹಿಡಿದಾಗ ಬುಡದಲ್ಲಿ ಗುಲಾಬಿ ಬಣ್ಣದ ಜೀವಂತ ಭಾಗವೂ ಅದರಾಚೆ ಪಾರದರ್ಶಕವಾದ ಕೊಕ್ಕೆಯೂ ಕಾಣುತ್ತವೆ. ರಕ್ತನಾಳವಿರುವ ಗುಲಾಬಿ ಭಾಗವನ್ನು ಮುಟ್ಟದೆ ಕೊಕ್ಕೆಯ ತುದಿಯನ್ನಷ್ಟೇ ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಬಟ್ಟೆಗೂ ಚರ್ಮಕ್ಕೂ ಆಗುವ ಹಾನಿ ಬಹುಮಟ್ಟಿಗೆ ಇಳಿಯುತ್ತದೆ, ಮತ್ತು ಮರಿಯಿದ್ದಾಗಲೇ ಆರಂಭಿಸಿದರೆ ದೊಡ್ಡದಾದ ಮೇಲೆ ಬೆಕ್ಕು ಪ್ರತಿಭಟಿಸುವುದಿಲ್ಲ. ಇಷ್ಟಕ್ಕೂ ತೃಪ್ತಿಯಿಲ್ಲದವರಿಗೆ ಉಗುರಿನ ಮೇಲೆ ಅಂಟಿಸುವ ಮೆತ್ತನೆಯ ವಿನೈಲ್ ಟೊಪ್ಪಿಗಳಿವೆ. ಅವು ನಾಲ್ಕಾರು ವಾರಗಳಲ್ಲಿ ಉಗುರಿನ ಪೊರೆಯ ಜೊತೆಗೆ ಉದುರುತ್ತವೆ, ಆದರೆ ಹೊರಗೆ ತಿರುಗಾಡುವ ಬೆಕ್ಕಿಗೆ ಅವುಗಳನ್ನು ಹಾಕಬಾರದು.

ಭಾರತದಲ್ಲಿ ಈ ಶಸ್ತ್ರಚಿಕಿತ್ಸೆ ರೂಢಿಗೆ ಬಂದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಪ್ರಾಣಿಯ ಅಂಗಭಂಗವನ್ನು ಅಪರಾಧವೆಂದು ಎಣಿಸುತ್ತದೆಯಾದರೂ, ಮೊದಲ ತಪ್ಪಿಗೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಹೊರಗೆ ಕಾಲಿಡದೆ ಬೆಳೆಯುವ ಪರ್ಷಿಯನ್ ಬೆಕ್ಕುಗಳು ಹೆಚ್ಚುತ್ತಿರುವಾಗ ಈ ರೂಢಿ ಬೇರೂರುವ ಮೊದಲೇ ಬಾಗಿಲು ಹಾಕುವುದು ಒಳ್ಳೆಯದು, ಅದಕ್ಕೆ ಬೇಕಾದ ಸಾಮಗ್ರಿಯೂ ಇಲ್ಲಿ ಧಾರಾಳವಾಗಿದೆ. ಅಮೆರಿಕದ ಅಂಗಡಿಗಳು ಸೈಸಲ್ ಎಂದು ಮಾರುವ ಹುರಿ ಕತ್ತಾಳೆಯ ನಾರಿನದು. ಅದು ಸಿಗದಿದ್ದರೆ ದಪ್ಪನೆಯ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ, ಅಡಿಗೆ ಹಲಗೆ ಬಡಿದು ನಿಲ್ಲಿಸಿದರೂ ಕೆಲಸ ನಡೆಯುತ್ತದೆ. ನೆಲದಲ್ಲಿ ಕೆರೆಯುವ ಬೆಕ್ಕಿಗೆ ಹಳೆಯ ಗೋಣಿಚೀಲ ಸಾಕು.

ಗೋಣಿಚೀಲದಲ್ಲಿ ಮುಗಿಯುವ ತೊಂದರೆಗೆ ಹತ್ತು ಮೂಳೆ ಕತ್ತರಿಸುವ ವೈದ್ಯನ ವಿವೇಚನೆಗೆ ಯಾವ ಕಾನೂನೂ ತಲೆಬಾಗಬೇಕಿಲ್ಲ. ಹರಿಯದ ಸೋಫಾವೇ ಬದುಕಿನ ಮುಖ್ಯ ಸಂಗತಿಯೆಂದು ನಂಬಿದವರು ಸೋಫಾವನ್ನು ಇಟ್ಟುಕೊಳ್ಳಲಿ, ಬೆಕ್ಕಿನ ತಂಟೆಗೆ ಬಾರದಿರಲಿ.