ರಕ್ಷಣೆ ರದ್ದುಮಾಡುವ ಅಧಿಕಾರ ಯಾವ ಬೋಧಕನಿಗೂ ಇಲ್ಲ

ಒಮ್ಮೆ ರಕ್ಷಣೆ ಹೊಂದಿದ ವಿಶ್ವಾಸಿ ಅದನ್ನು ಕಳೆದುಕೊಳ್ಳಬಲ್ಲನೇ? ಒಂದು ಸಭೆಯಲ್ಲಿ ‘ಎಂದಿಗೂ ಇಲ್ಲ’ ಎಂಬ ಭರವಸೆ ಸಿಗುತ್ತದೆ. ಇನ್ನೊಂದು ಸಭೆಯಲ್ಲಿ, ಕುಡಿತಕ್ಕೆ ಮರಳಿದವನಿಗೆ, ಆರಾಧನೆಗೆ ಬರುವುದನ್ನು ಬಿಟ್ಟವಳಿಗೆ ‘ನಿನ್ನ ರಕ್ಷಣೆ ಹೋಯಿತು’ ಎಂಬ ತೀರ್ಪು. ಮೊದಲನೆಯ ಮಾತು ಪಾಪಕ್ಕೆ ಪರವಾನಗಿಯಾಗುವ ಅಪಾಯ ಇದ್ದೇ ಇದೆ. ಆದರೆ ಎರಡನೆಯದು ಅದಕ್ಕಿಂತ ಘೋರ: ಅಲ್ಲಿ ಮನುಷ್ಯ ದೇವರ ನ್ಯಾಯಪೀಠದಲ್ಲಿ ತಾನೇ ಕೂರುತ್ತಾನೆ.

ಈ ಜಗಳಕ್ಕೆ ದೊಡ್ಡ ಬೆಲೆ ತೆತ್ತ ನಾಡು ನೆದರ್‌ಲೆಂಡ್ಸ್. ಜಗಳದ ಕೇಂದ್ರದಲ್ಲಿದ್ದ ಅಲ್ಲಿನ ದೇವತಾಶಾಸ್ತ್ರಜ್ಞ ಅರ್ಮಿನಿಯಸ್ 1609ರಲ್ಲಿ ತೀರಿಕೊಂಡರು. ಮರುವರ್ಷ ಅವರ ಅನುಯಾಯಿಗಳು ಐದು ಅಂಶಗಳ ಮನವಿ ಮುಂದಿಟ್ಟರು. ವಿಶ್ವಾಸಿ ಬಿದ್ದುಹೋಗಬಲ್ಲನೇ ಎಂಬುದನ್ನು ಧರ್ಮಗ್ರಂಥದಲ್ಲಿ ಇನ್ನೂ ಆಳವಾಗಿ ಶೋಧಿಸಿಯೇ ಖಚಿತವಾಗಿ ಬೋಧಿಸಬೇಕು ಎಂದಷ್ಟೇ ಐದನೆಯ ಅಂಶ ಹೇಳಿತ್ತು. 1618–19ರಲ್ಲಿ ಅಲ್ಲಿನ ಡಾರ್ಟ್ ಊರಿನಲ್ಲಿ ಸೇರಿದ ಚರ್ಚ್ ಮಹಾಸಭೆ ಅವರ ಪಕ್ಷವನ್ನು ಖಂಡಿಸಿತು. ಸುಮಾರು 200 ಬೋಧಕರು ಹುದ್ದೆ ಕಳೆದುಕೊಂಡರು. ರಾಜಕೀಯ ವೈರವೂ ಬೆರೆತು, ಅವರ ಬೆನ್ನಿಗೆ ನಿಂತಿದ್ದ ವೃದ್ಧ ಮುತ್ಸದ್ದಿ ಓಲ್ಡೆನ್‌ಬಾರ್ನೆವೆಲ್ಟ್ ಅವರ ಶಿರಚ್ಛೇದವಾಯಿತು. ಘೋರವಾಗಿ ಬಿದ್ದ ತನ್ನವರನ್ನೂ ದೇವರು ಕೈಬಿಡುವುದಿಲ್ಲ ಎಂದ ಡಾರ್ಟ್‌ನ ಬೋಧನೆ ನನಗೆ ಪ್ರಿಯ. ಆದರೆ ಅದನ್ನು ಬೋಧಿಸಿದ ಪಕ್ಷವೇ ಸಹವಿಶ್ವಾಸಿಗಳನ್ನು ಹೊರದಬ್ಬಿತಲ್ಲ, ಅದು ಕ್ಷಮಿಸಲಾಗದ್ದು.

ಹೆದರಿಸುವ ಬೋಧಕರು ಬಿಡದೆ ತೆರೆಯುವ ಪುಟ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ. ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಹೊಂದಿ, ಆಮೇಲೆ ಬಿದ್ದವರನ್ನು ಮತ್ತೆ ತಿರುಗಿಸುವುದು ಅಸಾಧ್ಯ ಎಂದು ನಾಲ್ಕರಿಂದ ಆರನೆಯ ವಚನಗಳು ಎಚ್ಚರಿಸುತ್ತವೆ. ಮಾತು ಕಠಿಣ, ಅದನ್ನು ತೇಲಿಸಿಬಿಡಲಾಗದು. ಆದರೆ ಒಂಬತ್ತನೆಯ ವಚನಕ್ಕೆ ಬನ್ನಿ: ಅದೇ ಲೇಖಕ ಓದುಗರನ್ನು ಪ್ರಿಯರೇ ಎಂದು ಕರೆದು, ನಿಮ್ಮ ವಿಷಯದಲ್ಲಿ ರಕ್ಷಣೆಗೆ ಸೇರಿದ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾನೆ. ಎಚ್ಚರಿಸಿದವನು ತೀರ್ಪು ಕೊಡಲಿಲ್ಲ. ಆರಕ್ಕೇ ಪುಸ್ತಕ ಮುಚ್ಚುವವರು ವಾಕ್ಯಕ್ಕೆ ಅನ್ಯಾಯ ಮಾಡುತ್ತಾರೆ.

ಪೇತ್ರನನ್ನು ನೋಡಿ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸುತ್ತಾ ಮೂರು ಸಲ ಕರ್ತನನ್ನು ಅಲ್ಲಗಳೆದವನು ಅವನು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ಮತ್ತೊಂದು ಇದ್ದಲಿನ ಬೆಂಕಿಯ ಬಳಿ, ಯೇಸು ಅವನನ್ನು ಕೇಳಿದ್ದು ಪ್ರೀತಿಯ ಬಗ್ಗೆ. ನಡುವೆ ನಿನ್ನ ರಕ್ಷಣೆ ಏನಾಯಿತು ಎಂಬ ವಿಚಾರಣೆ ಅಲ್ಲಿ ನಡೆಯಲಿಲ್ಲ. ಊಟ ಕೊಟ್ಟು, ಕುರಿಗಳನ್ನು ಮೇಯಿಸುವ ಹೊಣೆಯನ್ನೇ ಒಪ್ಪಿಸಿದ.

ಹಾಗಾದರೆ ಶಿಸ್ತು ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಸಭೆಯ ಹಣ ನುಂಗಿದ ಹಿರಿಯನನ್ನು ಹುದ್ದೆಯಿಂದ ಇಳಿಸಲೇಬೇಕು. ಆದರೆ ಅವನ ನಿತ್ಯತ್ವದ ತೀರ್ಮಾನ ಸಭೆಯ ಸಮಿತಿಯದಲ್ಲ.

ಈ ಪ್ರಶ್ನೆಯನ್ನು ಇತ್ಯರ್ಥ ಮಾಡದೆಯೂ ಸಭೆ ಒಂದಾಗಿ ಉಳಿಯಬಲ್ಲದು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ, ವಿಶ್ವಾಸಿ ಬೀಳಬಲ್ಲ ಎಂದ ಜಾನ್ ವೆಸ್ಲಿಯ ಮೆಥೋಡಿಸ್ಟರೂ, ಡಾರ್ಟ್‌ನ ಬೋಧನೆಯನ್ನೇ ಹಿಡಿದುಬಂದ ಪ್ರೆಸ್ಬಿಟೇರಿಯನ್ ಪರಂಪರೆಯವರೂ ಒಂದೇ ಕರ್ತನ ಭೋಜನಕ್ಕೆ ಸೇರಿದರು. ಕರ್ನಾಟಕದ ಸಭೆಗಳೂ ಆ ಒಕ್ಕೂಟದ ಫಲ ಉಂಡಿವೆ.

ಆದ್ದರಿಂದ ಬೋಧಕರಲ್ಲಿ ನನ್ನ ಒತ್ತಾಯ ಇಷ್ಟೇ: ಎಚ್ಚರಿಕೆಯ ವಚನವನ್ನು ಮೊದಲು ನಿಮಗೇ ಓದಿಕೊಳ್ಳಿ, ವಾಗ್ದಾನವನ್ನು ಬಿದ್ದವನಿಗೆ ಓದಿ ಹೇಳಿ. ಭಯದಿಂದ ಪೀಠದ ಮುಂದೆ ಜನರನ್ನು ಸೇರಿಸಬಹುದು. ಪಶ್ಚಾತ್ತಾಪ ಹುಟ್ಟಿಸುವುದು ದೇವರ ದಯೆ ಮಾತ್ರ.